ಎರಡು ಕೊಡ ನೀರು: ಕನ್ನಡದ ಅದ್ಭುತ ಕಥೆಗಳಲ್ಲಿ ಹೆಣ್ಣು

ಅಡುಗೂಲಜ್ಜಿ ಇಲ್ಲದ ಅದ್ಭುತ ಕಥೆ ಕನ್ನಡದಲ್ಲಿ ಕಡಿಮೆ. ದೇಶಾಂತರ ಹೊರಟ ರಾಜಕುಮಾರ ಹೊತ್ತು ಮುಳುಗುವ ವೇಳೆಗೆ ಯಾವುದೋ ಊರಿನ ಅಗಸಿಗೆ ಬಂದರೆ ಅಲ್ಲೊಂದು ಗುಡಿಸಲು, ಗುಡಿಸಲಲ್ಲೊಬ್ಬ ಮುದುಕಿ. ಅವನು ಒಂದು ಹೊನ್ನು ಕೊಡುತ್ತಾನೆ. ಅವಳು ಅಡುಗೆ ಮಾಡಿ ಉಣಬಡಿಸುತ್ತಾಳೆ, ಮಲಗಲು ಜಾಗ ಕೊಡುತ್ತಾಳೆ. ಆ ಊರಿನ ಅರಮನೆಯಲ್ಲಿ ಅಳು ಯಾಕೆ, ಏಳುಸುತ್ತಿನ ಕೋಟೆಯೊಳಗಿನ ಹುಡುಗಿ ಯಾರ ಜೊತೆಗೂ ಮಾತಾಡದಿರುವುದು ಯಾಕೆ ಎಂಬುದೆಲ್ಲ ಅವನಿಗೆ ತಿಳಿಯುವುದು ಅವಳ ಬಾಯಿಂದಲೇ. ಅರಮನೆಗೆ ಹೂವು ಕಟ್ಟಿಕೊಡುವ ನೆವದಲ್ಲಿ ಅವನ ಉಂಗುರವನ್ನು ಮಾಲೆಯೊಳಗೆ ಸೇರಿಸಿ ಒಯ್ಯುವವಳೂ ಅವಳೇ. ಇಷ್ಟಾದ ಮೇಲೆ ಕಥೆ ಅವಳನ್ನು ಮರೆತುಬಿಡುತ್ತದೆ. ಮದುವೆಯ ಹಂದರದಲ್ಲಿ ಅವಳು ಕಾಣುವುದಿಲ್ಲ. ಅವಳಿಗೆ ಗಂಡ ಮಕ್ಕಳಿದ್ದರೋ ಇಲ್ಲವೋ, ಆ ಹೊನ್ನನ್ನು ಏನು ಮಾಡಿದಳೋ, ಯಾರೂ ಕೇಳುವುದಿಲ್ಲ. ಆದರೂ ಇಡೀ ಪ್ರಕಾರಕ್ಕೆ ಕನ್ನಡ ಇಟ್ಟ ಹೆಸರು ‘ಅಡುಗೂಲಜ್ಜಿ ಕಥೆ’. ನಂಬಲಾಗದ್ದನ್ನು ಯಾರಾದರೂ ಹೇಳಿದರೆ ಹಗುರವಾಗಿ ಅನ್ನುವ ಮಾತೂ ಅದೇ.

ಮನುಷ್ಯರು ಗಿಡವಾಗುವ, ಹಾವು ಗಂಡನ ವೇಷದಲ್ಲಿ ಬರುವ, ಸಾವು ಕಣ್ಣೆದುರು ನಿಂತು ಮಾತಾಡುವ ಕಥೆಗಳಿಗೆಲ್ಲ ‘ಅದ್ಭುತ ಕಥೆ’ ಎಂಬ ಒಂದೇ ಹೆಸರನ್ನು ಇಲ್ಲಿ ಬಳಸಲಾಗಿದೆ. ಬಾಯಿಂದ ಬಾಯಿಗೆ ಬಂದದ್ದು, ಷಟ್ಪದಿಯಲ್ಲಿ ಬರೆದದ್ದು, ಅಟ್ಟದ ಮೇಲೆ ಆಡಿದ್ದು, ಕಾದಂಬರಿಯಾಗಿ ಅಚ್ಚಾದದ್ದು ಎಲ್ಲವೂ ಇದರಲ್ಲಿ ಸೇರುತ್ತವೆ. ಇವುಗಳಲ್ಲಿನ ಹೆಣ್ಣು ಗಟ್ಟಿಗಿತ್ತಿಯೋ ಅಬಲೆಯೋ ಎಂದು ಅಳೆಯುವ ರೂಢಿಯೊಂದಿದೆ. ಆ ಅಳತೆಯಿಂದ ಹೆಚ್ಚೇನೂ ದಕ್ಕುವುದಿಲ್ಲ. ಒಂದೇ ಕಥೆಯಲ್ಲಿ ಒಬ್ಬಳೇ ಹೆಂಗಸು ಎರಡೂ ಆಗಿರುತ್ತಾಳೆ. ಕೇಳಬೇಕಾದ ಪ್ರಶ್ನೆ ಬೇರೆ: ಮಾಯದ ಕೀಲಿ ಯಾರ ಕೈಯಲ್ಲಿದೆ, ಮತ್ತು ಕಥೆ ಎಲ್ಲಿಗೆ ನಿಲ್ಲುತ್ತದೆ? ಕಥೆ ಹೇಳುವವರು ಬದಲಾದಂತೆ ಈ ಎರಡಕ್ಕೂ ಉತ್ತರ ಬದಲಾಗುತ್ತ ಬಂದಿದೆ.

ಬೆಳಗಾವಿ ಜಿಲ್ಲೆಯ ನಿಡಸೋಸಿ, ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿಗಳ ಸೀಮೆ ಈ ವಿಷಯಕ್ಕೆ ಹೊರಗಿನದಲ್ಲ. ಕನ್ನಡದ ಅದ್ಭುತವನ್ನು ನಾಟಕಕ್ಕೂ ಕಾದಂಬರಿಗೂ ಎಳೆದು ತಂದ ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ್ದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟಕ್ಕೆ ಇಂದಿನ ರೂಪ ಕೊಟ್ಟ ತಮ್ಮಣ್ಣನ ಊರು ಇದೇ ಸೀಮೆಯ ಕುಲಗೋಡ. ಕನ್ನಡದ ಅಜ್ಜಿಯರ ಕಥೆಗಳನ್ನು ಲೋಕಕ್ಕೆ ಒಯ್ದ ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವರ ಸಂಗ್ರಹದಲ್ಲಿ ಉತ್ತರ ಕರ್ನಾಟಕದ ಹೆಂಗಸರು ಹೇಳಿದ ಕಥೆಗಳಿಗೆ ದೊಡ್ಡ ಪಾಲಿದೆ.

ಗಂಡಸಿನ ಸಾಹಸವೆಂದು ಎಲ್ಲರೂ ತಿಳಿದಿರುವ ಕಥೆಯನ್ನೇ ಮೊದಲು ನೋಡಬಹುದು. ರಾಕ್ಷಸನ ಪ್ರಾಣ ಏಳು ಸಮುದ್ರದ ಆಚೆಯ ಗಿಳಿಯಲ್ಲಿದೆ. ಅವನು ಒಬ್ಬ ರಾಜಕುಮಾರಿಯನ್ನು ತಂದಿಟ್ಟುಕೊಂಡಿದ್ದಾನೆ. ಹೊರಗೆ ಹೋಗುವಾಗ ತಲೆದೆಸೆಯ ಕೋಲನ್ನು ಕಾಲದೆಸೆಗೆ, ಕಾಲದೆಸೆಯದನ್ನು ತಲೆದೆಸೆಗೆ ಇಟ್ಟರೆ ಅವಳು ಹೆಣದಂತೆ ಬೀಳುತ್ತಾಳೆ. ತಿರುಗಿ ಬಂದು ಅದಲು ಬದಲು ಮಾಡಿದರೆ ಏಳುತ್ತಾಳೆ. ನಾಯಕ ಬರುತ್ತಾನೆ, ಕೋಲು ಬದಲಿಸುತ್ತಾನೆ, ಅವಳು ಎಚ್ಚರಾಗುತ್ತಾಳೆ. ಆಮೇಲಿನ ಕೆಲಸವೆಲ್ಲ ಅವಳದು. ಅವನನ್ನು ಅಡಗಿಸಿಡುವವಳು ಅವಳು. ನರವಾಸನೆ ಎನ್ನುತ್ತ ಬಂದ ರಾಕ್ಷಸನನ್ನು ಸಮಾಧಾನ ಮಾಡಿ, ತೊಡೆಯ ಮೇಲೆ ತಲೆ ಇರಿಸಿಕೊಂಡು ಹೇನು ನೋಡುತ್ತ, ‘ನೀ ಸತ್ತರ ನನಗ್ಯಾರು ಗತಿ’ ಎಂದು ಎರಡು ಹನಿ ಕಣ್ಣೀರು ಅವನ ಕೆನ್ನೆಯ ಮೇಲೆ ಬೀಳಿಸುವವಳು ಅವಳು. ಅವನು ನಕ್ಕು, ತಾನು ಸಾಯುವುದು ಅಷ್ಟು ಸುಲಭವಲ್ಲ ಎಂದು ಗಿಳಿಯ ಗುಟ್ಟು ಬಿಡುತ್ತಾನೆ. ನಾಯಕನಿಗೆ ಉಳಿಯುವುದು ಗಿಳಿಯ ಕತ್ತು ಹಿಚುಕುವ ಕೆಲಸವೊಂದೇ. ಆದರೂ ಗೆದ್ದವನು ಅವನು, ಕಥೆಯ ಹೆಸರೂ ಅವನದು, ಕೊನೆಗೆ ‘ಮದುವಿ ಆದ’ ಎಂದು ಮುಗಿಯುವುದೂ ಅವನ ಲೆಕ್ಕದಲ್ಲಿಯೇ.

ಕಥೆಗಳು ಎಲ್ಲಿಗೆ ಮುಗಿಯುತ್ತವೆ ಎಂಬುದನ್ನು ಒತ್ತಿ ಹೇಳಿದವರು ರಾಮಾನುಜನ್. ಗಂಡು ನಡುವಿರುವ ಕಥೆಯಲ್ಲಿ ಹುಡುಗ ಮನೆ ಬಿಡುತ್ತಾನೆ, ಕಷ್ಟ ಗೆಲ್ಲುತ್ತಾನೆ, ಹೆಣ್ಣು ದೊರಕಿಸಿಕೊಳ್ಳುತ್ತಾನೆ, ಅಲ್ಲಿಗೆ ಮಂಗಳ. ಹೆಣ್ಣು ನಡುವಿರುವ ಕಥೆಯಲ್ಲಿ ಮದುವೆ ಬೇಗ ಆಗಿಹೋಗುತ್ತದೆ, ಕಷ್ಟ ಶುರುವಾಗುವುದು ಅದರ ನಂತರ. ಅವುಗಳಲ್ಲಿ ರಾಕ್ಷಸನಿರಲೇಬೇಕೆಂದಿಲ್ಲ, ಅತ್ತೆ, ನಾದಿನಿ, ಮಾತೇ ಆಡದ ಗಂಡ ಸಾಕು. ಸೊಸೆಯಾಗಿ ಹೋದ ಮನೆಯೇ ಅವಳ ಪಾಲಿನ ಅಡವಿ. ಹೆಂಗಸರು ಅಡುಗೆಮನೆಯಲ್ಲಿ, ಮಕ್ಕಳನ್ನು ಮಲಗಿಸುವ ಹೊತ್ತಿನಲ್ಲಿ ಈ ಕಥೆ ಹೇಳುತ್ತಿದ್ದರು ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ‘ಒಂದೂರಾಗ ಒಬ್ಬಾಕಿ ಇದ್ಲಂತ, ಆಕಿಗೆ ಇಬ್ಬರು ಹೆಣ್ಣಮಕ್ಕಳಂತ’ ಎಂದು ಪ್ರತಿ ವಾಕ್ಯದ ಕೊನೆಗೆ ಬರುವ ಆ ‘ಅಂತ’ವೂ ಸುಮ್ಮನೆ ಬಂದದ್ದಲ್ಲ. ಹೇಳಿದ್ದೆಲ್ಲ ಬೇರೆಯವರ ಮಾತು, ತನ್ನದೇನೂ ಇಲ್ಲ ಎಂದು ಹೇಳುವಾಕೆಗೆ ಅದು ಸೆರಗಿನ ಮರೆ. ಪಕ್ಕದ ಕೋಣೆಯಲ್ಲಿ ಅತ್ತೆ ಮಲಗಿದ್ದರೂ ಆ ಮರೆಯಲ್ಲಿ ಏನನ್ನಾದರೂ ಹೇಳಬಹುದು.

ಈ ಬಗೆಯ ಕಥೆಗಳ ರಾಣಿ ‘ಹೂವಿನ ಗಿಡ’. ಕನ್ನಡದ ಹಲವು ಕಡೆ ಹಲವು ಪಾಠಗಳಲ್ಲಿ ಇದು ಸಿಕ್ಕಿದೆ. 1997ರಲ್ಲಿ, ರಾಮಾನುಜನ್ ತೀರಿಕೊಂಡ ನಾಲ್ಕು ವರ್ಷಕ್ಕೆ ಹೊರಬಂದ ಅವರ ಸಂಗ್ರಹಕ್ಕೆ ಹೆಸರು ಬಂದದ್ದು ಇದರಿಂದಲೇ. ಕಥೆ ಹೀಗಿದೆ. ಮುದುಕಿಯೊಬ್ಬಳು ಕೂಲಿನಾಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ತಾಯಿಯ ಕಷ್ಟ ನೋಡಲಾರದ ಸಣ್ಣ ಮಗಳು ಅಕ್ಕನಿಗೆ ಒಂದು ಗುಟ್ಟು ಹೇಳುತ್ತಾಳೆ: ತಾನು ಹೂವಿನ ಗಿಡವಾಗಬಲ್ಲೆ. ನೆಲ ಸಾರಿಸಿ, ಉಗುರು ತಾಗದಂತೆ ತಂದ ಎರಡು ಕೊಡ ನೀರು ಇಟ್ಟುಕೊಂಡು ಅವಳು ಕೂತು ಧ್ಯಾನಿಸಬೇಕು. ಅಕ್ಕ ಒಂದು ಕೊಡ ಸುರಿದರೆ ಗಿಡ. ಒಂದು ಎಲೆ ಹರಿಯದಂತೆ, ಒಂದು ಕೊನೆ ಮುರಿಯದಂತೆ ಹೂವು ಬಿಡಿಸಿಕೊಂಡು ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ, ತಲೆಗೂದಲ ನೀರು ಕೊಡವಿಕೊಂಡು ಏಳುತ್ತಾಳೆ. ಆ ಹೂವಿನ ಮಾಲೆ ಕಟ್ಟಿ ಅರಮನೆಗೆ ಮಾರಿ ಅಕ್ಕತಂಗಿಯರು ದುಡ್ಡು ತರುತ್ತಾರೆ, ತಾಯಿಗೆ ಹೇಳುವುದಿಲ್ಲ.

ಹೂವಿನ ಪರಿಮಳದ ಬೆನ್ನು ಹತ್ತಿ ಬಂದ ರಾಜಕುಮಾರ ಮರೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಾನೆ, ಅವಳನ್ನೇ ಮದುವೆಯಾಗುತ್ತಾನೆ. ಇಷ್ಟಕ್ಕೆ ನಿಂತಿದ್ದರೆ ಇದು ಗಂಡಿನ ಕಥೆಯಾಗುತ್ತಿತ್ತು. ಮದುವೆಯಾದ ಮೇಲೆ ಗಂಡ ಹಲವು ರಾತ್ರಿ ಮಾತೇ ಆಡುವುದಿಲ್ಲ, ಕೊನೆಗೆ ಬಾಯಿ ಬಿಟ್ಟು ಕೇಳುವುದು ಒಂದೇ: ಗಿಡವಾಗು. ತಾಯಿಯ ಹೊಟ್ಟೆಗಾಗಿ ಮಾಡುತ್ತಿದ್ದದ್ದನ್ನು ಈಗ ಅವಳು ಹಾಸಿಗೆಯ ಮೇಲಿನ ಹೂವಿಗಾಗಿ ಮಾಡಬೇಕು. ಬಾಡಿದ ಹೂವು ಹೊರಗೆ ರಾಶಿ ಬೀಳುವುದನ್ನು ಕಂಡ ನಾದಿನಿಗೆ ಗುಟ್ಟು ತಿಳಿಯುತ್ತದೆ. ಅವಳು ಗೆಳತಿಯರ ಜೊತೆ ತೋಟಕ್ಕೆ ಕರೆದೊಯ್ದು ಬಲವಂತ ಮಾಡುತ್ತಾಳೆ. ಹುಡುಗಿಯರು ಮೊದಲ ಕೊಡವನ್ನು ಹೇಗೆಂದರೆ ಹಾಗೆ ಸುರಿಯುತ್ತಾರೆ, ಗಿಡ ಅರ್ಧಂಬರ್ಧ ಬೆಳೆಯುತ್ತದೆ. ಕೊನೆ ಮುರಿಯುತ್ತಾರೆ, ಎಲೆ ಹರಿಯುತ್ತಾರೆ. ಅಷ್ಟರಲ್ಲಿ ಗುಡುಗು ಮಳೆ ಬರುತ್ತದೆ. ಎರಡನೆಯ ಕೊಡವನ್ನು ಚೆಲ್ಲಿ ಓಡಿಬಿಡುತ್ತಾರೆ. ಉಳಿದದ್ದು ಕೈಯಿಲ್ಲದ, ಕಾಲಿಲ್ಲದ, ಗಾಯದಿಂದ ತುಂಬಿದ ಅರ್ಧ ದೇಹ. ಹತ್ತಿಯ ಗಾಡಿ ಹೊಡೆದುಕೊಂಡು ಹೋಗುತ್ತಿದ್ದವನು ಮೋರಿಯಲ್ಲಿ ನರಳುವ ದನಿ ಕೇಳಿ ಇಳಿಯುತ್ತಾನೆ. ಮೈಮೇಲೆ ಅರಿವೆಯಿಲ್ಲದ ಆ ಮುದ್ದೆಯ ಮೇಲೆ ತನ್ನ ರುಮಾಲು ಹೊದಿಸುತ್ತಾನೆ, ಎತ್ತಿ ಗಾಡಿಯಲ್ಲಿ ಹಾಕಿಕೊಂಡು ಮುಂದಿನ ಊರಿನಲ್ಲಿ ಇಳಿಸಿ ಹೋಗುತ್ತಾನೆ. ಇಡೀ ಕಥೆಯಲ್ಲಿ ಏನನ್ನೂ ಕೇಳದೆ ಅವಳಿಗೆ ಏನಾದರೂ ಕೊಟ್ಟ ಗಂಡಸು ಅವನೊಬ್ಬನೇ. ಅವನಿಗೂ ಕಥೆಯಲ್ಲಿ ನಾಲ್ಕು ಸಾಲಿಗಿಂತ ಹೆಚ್ಚಿಲ್ಲ.

ಆ ಊರಿನ ರಾಣಿ ಅವಳ ಗಂಡನ ಅಕ್ಕ, ಅವಳನ್ನು ಉಳಿಸಿಕೊಳ್ಳುತ್ತಾಳೆ. ಇತ್ತ ಹೆಂಡತಿಯನ್ನು ಕಳೆದುಕೊಂಡ ರಾಜಕುಮಾರ ಬೈರಾಗಿಯಾಗಿ ಅಲೆಯುತ್ತ ಅಲ್ಲಿಗೇ ಬರುತ್ತಾನೆ. ಗುರುತು ಸಿಗುತ್ತದೆ. ಆಗ ಅವಳೇ ಅವನಿಗೆ ಕಲಿಸುತ್ತಾಳೆ: ನೀರು ತಾ, ಸುರಿ, ಮುರಿದ ಕೊನೆಯನ್ನು ನೆಟ್ಟಗೆ ಮಾಡು, ಹರಿದ ಎಲೆಯನ್ನು ಕೂಡಿಸು, ಆಮೇಲೆ ಎರಡನೆಯ ಕೊಡ ಸುರಿ. ಮೊದಲಿನಿಂದ ನೋಡುವುದನ್ನು, ಬೇಡುವುದನ್ನು ಮಾತ್ರ ಬಲ್ಲವನು ಕೊನೆಗೆ ಎಲೆ ಎಲೆಯಾಗಿ ಕೆಲಸ ಕಲಿಯಬೇಕಾಗುತ್ತದೆ.

ಈ ಕಥೆಯ ಮಾಯಕ್ಕೆ ಒಂದು ವಿಶೇಷವಿದೆ. ಗಿಡವಾಗುವ ವಿದ್ಯೆ ಅವಳದೇ, ಯಾವ ದೇವರ ವರವೂ ಅಲ್ಲ, ಯಾವ ಋಷಿಯ ಶಾಪವೂ ಅಲ್ಲ. ಆದರೆ ನೀರು ಸುರಿಯುವ ಕೈ ಬೇರೆಯವರದು. ಅಕ್ಕನ ಕೈಯಲ್ಲಿ ಕೊಡ ಇದ್ದಾಗ ಅವಳು ಹೂವು, ನಾದಿನಿಯ ಕೈಗೆ ಬಂದಾಗ ಮಾಂಸದ ಮುದ್ದೆ. ಹೂ ಬಿಟ್ಟ ಹೊತ್ತಿನಲ್ಲಿ ಅವಳಿಗೆ ಓಡಲು ಕಾಲಿಲ್ಲ, ಬೇಡವೆನ್ನಲು ಬಾಯಿಲ್ಲ. ತವರಿನಿಂದ ಗಂಡನ ಮನೆಗೆ ಬರುವುದೆಂದರೆ ತನ್ನ ಕೊಡವನ್ನು ಅಪರಿಚಿತರ ಕೈಗೆ ಕೊಡುವುದು ಎಂಬುದನ್ನು ಯಾವ ಸಮಾಜಶಾಸ್ತ್ರದ ಪುಸ್ತಕವೂ ಇಷ್ಟು ಅಡಕವಾಗಿ ಹೇಳಿಲ್ಲ. ಕೆಡಿಸಿದವಳೂ ಹೆಣ್ಣು, ಉಳಿಸಿಕೊಂಡವಳೂ ಅದೇ ಮನೆಯ ಇನ್ನೊಬ್ಬ ಮಗಳು ಎಂಬಲ್ಲಿ ಕಥೆ ತನ್ನ ಲೋಕವನ್ನು ಮೆಚ್ಚಿಸಲು ಹೋಗುವುದಿಲ್ಲ.

ಕಾವ್ಯಗಳ ಜಗುಲಿ ಹತ್ತಿದರೆ ಗಾಳಿ ಬೇರೆ. ನಾಗವರ್ಮ ಬಾಣನಿಂದ ಕನ್ನಡಕ್ಕೆ ತಂದ ಕರ್ಣಾಟಕ ಕಾದಂಬರಿಯಲ್ಲಿ ಗಂಧರ್ವ ಕನ್ಯೆಯರಿಬ್ಬರು, ಮಹಾಶ್ವೇತೆ ಮತ್ತು ಕಾದಂಬರಿ. ಗಂಡಸರು ಸಾಯುತ್ತಾರೆ, ಮತ್ತೆ ಹುಟ್ಟುತ್ತಾರೆ, ಗಿಳಿಯಾಗುತ್ತಾರೆ, ಹಳೆಯ ಜನ್ಮ ನೆನೆಯುತ್ತಾರೆ. ಹೆಂಗಸರು ಕಾಯುತ್ತಾರೆ. ಒಬ್ಬಳು ಅಚ್ಛೋದ ಸರಸ್ಸಿನ ದಂಡೆಯಲ್ಲಿ ವೀಣೆ ಹಿಡಿದು, ಇನ್ನೊಬ್ಬಳು ನಲ್ಲನ ಕೆಡದ ಹೆಣದ ಪಕ್ಕದಲ್ಲಿ ಕೂತು. ಆ ಕಾಯುವಿಕೆಯ ಚೆಲುವನ್ನು ಅಲ್ಲಗಳೆಯಲಾಗದು; ಆದರೆ ರೂಪಾಂತರದ ಸಾಹಸವೆಲ್ಲ ಗಂಡಸರ ಪಾಲಿಗೆ ಹೋಗಿ, ಹೆಣ್ಣು ಅದರ ಸಾಕ್ಷಿಯಾಗಿ ಉಳಿದಿದ್ದಾಳೆ.

ಇದಕ್ಕಿಂತ ಹೆಚ್ಚು ಕಲಿಸುವುದು ಅಲ್ಲಮನ ಕಥೆ. ಲಿಂಗಾಯತ ಮಠಗಳ ಪುರಾಣ ಪ್ರವಚನಗಳಿಂದಾಗಿ ಈ ಸೀಮೆಯಲ್ಲಿ ಓದು ಬಾರದವರಿಗೂ ಗೊತ್ತಿರುವ ಕಥೆ ಅದು. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮ ಒಲಿದದ್ದು ಕಮಲತೆ ಎಂಬ ಹೆಣ್ಣಿಗೆ. ಅವಳು ಜ್ವರ ಬಂದು ಸಾಯುತ್ತಾಳೆ. ದುಃಖದಲ್ಲಿ ಅಲೆಯುವ ಅವನಿಗೆ ನೆಲದಡಿಯ ಗುಡಿಯಲ್ಲಿ ಗುರು ಅನಿಮಿಷನ ದರ್ಶನವಾಗುತ್ತದೆ. ಹದಿನೈದನೆಯ ಶತಮಾನದಲ್ಲಿ ಚಾಮರಸ ‘ಪ್ರಭುಲಿಂಗಲೀಲೆ’ ಬರೆಯುವ ಹೊತ್ತಿಗೆ ಈ ಕಮಲತೆ ಮಾಯವಾಗಿ ಅವಳ ಜಾಗದಲ್ಲಿ ಮಾಯೆಯೇ ಬಂದು ಕೂತಿದ್ದಾಳೆ. ಕೈಲಾಸದಲ್ಲಿ ಶಿವನಿಗೂ ಪಾರ್ವತಿಗೂ ಪಂತ: ಮಾಯೆಗೆ ಸಿಗದವನು ಇದ್ದಾನೋ ಇಲ್ಲವೋ. ಪಾರ್ವತಿಯ ತಾಮಸ ಕಳೆ ಬನವಸೆಯ ಮಮಕಾರ ರಾಜನಿಗೂ ಮೋಹಿನಿಗೂ ಮಗಳಾಗಿ ಹುಟ್ಟುತ್ತದೆ. ಮದ್ದಳೆ ಬಾರಿಸುವ ಅಲ್ಲಮನನ್ನು ಅವಳು ಬಯಸಿ, ಹಿಡಿಯಲಾರದೆ ಸೋಲುತ್ತಾಳೆ. ಅದೇ ಪಾರ್ವತಿಯ ಸಾತ್ವಿಕ ಕಳೆ ಉಡುತಡಿಯಲ್ಲಿ ಮಹಾದೇವಿಯಾಗಿ ಹುಟ್ಟಿ ಗೆಲ್ಲುತ್ತದೆ.

ಕಥನ ಕೌಶಲದಲ್ಲಿ ಚಾಮರಸನನ್ನು ಮೀರಿಸುವುದು ಕಷ್ಟ. ಆದರೆ ಜ್ವರ ಬಂದು ಸತ್ತ ಹೆಣ್ಣಿನಲ್ಲಿದ್ದ ಮೈಯ ಬಿಸಿ ಮಾಯೆಗೆ ಇಲ್ಲ. ಕಮಲತೆಗೆ ಸಾವಿತ್ತು, ಮಾಯೆಗೆ ಇರುವುದು ಸೋಲು ಮಾತ್ರ. ಅವಳ ಬಯಕೆ, ಅಳು, ಹಟ ಎಲ್ಲವೂ ಮೊದಲೇ ನಿಶ್ಚಯವಾದ ಒಂದು ಪರೀಕ್ಷೆಯ ಪ್ರಶ್ನೆಪತ್ರಿಕೆ, ಬರೆಯುವವನು ಅಲ್ಲಮ. ಒಬ್ಬಳೇ ದೇವಿಯನ್ನು ಎರಡಾಗಿ ಸೀಳಿ ಬಯಸುವ ಹೆಣ್ಣನ್ನು ಒಂದು ಕಡೆಗೂ ಬಯಕೆ ಗೆದ್ದ ಹೆಣ್ಣನ್ನು ಇನ್ನೊಂದು ಕಡೆಗೂ ಇಡುವ ಈ ಉಪಾಯ ಕನ್ನಡದ ಅದ್ಭುತಕ್ಕೆ ಅಂಟಿಕೊಂಡುಬಿಟ್ಟಿತು. ಸಿನಿಮಾದ ಒಳ್ಳೆಯ ಅಕ್ಕ ಕೆಟ್ಟ ತಂಗಿಯರವರೆಗೂ ಅದರ ಎಳೆ ಬಂದಿದೆ.

ಬೇತಾಳನ ಕಥೆಗಳು ಹೆಣ್ಣಿನ ಪಾತ್ರವನ್ನು ಇನ್ನೂ ಒಣಗಿಸಿದವು. 1947ರಲ್ಲಿ ತೆಲುಗು ತಮಿಳುಗಳಲ್ಲಿ ಹೊರಟು ಬೇಗನೆ ಕನ್ನಡಕ್ಕೂ ಬಂದ ‘ಚಂದಮಾಮ’ ಮಾಸಪತ್ರಿಕೆಯಿಂದ ಬೇತಾಳನ ಹೆಸರು ಮನೆಮನೆಗೆ ಮುಟ್ಟಿತು. ಹಳೆಯ ಬೇತಾಳ ಕಥೆಯೊಂದರಲ್ಲಿ ಒಬ್ಬ ಹುಡುಗಿಗೆ ಮೂವರು ವರಗಳು. ಯಾರಿಗೂ ಕೊಡುವ ಮೊದಲೇ ಅವಳು ಸತ್ತಳು. ಒಬ್ಬ ಅವಳ ಎಲುಬನ್ನು ಗಂಗೆಗೆ ಒಯ್ದ, ಒಬ್ಬ ಬೂದಿಯ ಮೇಲೆ ಮಲಗಿದ, ಒಬ್ಬ ಜೀವದಾನದ ಮಂತ್ರ ತಂದು ಬದುಕಿಸಿದ. ಹೆಂಡತಿ ಯಾರಿಗೆ ಸಲ್ಲಬೇಕು? ವಿಕ್ರಮ ತರ್ಕಬದ್ಧವಾಗಿ ಉತ್ತರಿಸುತ್ತಾನೆ. ಬದುಕಿ ಎದ್ದವಳು ಅಲ್ಲೇ ನಿಂತಿದ್ದಾಳೆ, ಅವಳನ್ನು ಕೇಳಬೇಕೆಂದು ರಾಜನಿಗೂ ತೋಚುವುದಿಲ್ಲ, ಬೇತಾಳನಿಗೂ ತೋಚುವುದಿಲ್ಲ. ತಲೆ ಅದಲುಬದಲಾದ ಇನ್ನೊಂದು ಕಥೆಯನ್ನು ಟಾಮಸ್ ಮಾನ್ ಕಾದಂಬರಿಯ ದಾರಿಯಲ್ಲಿ ಹಾದು ಗಿರೀಶ ಕಾರ್ನಾಡರು ‘ಹಯವದನ’ವಾಗಿಸಿದ್ದು (1971) ಈ ಮರೆವನ್ನು ತಿದ್ದಿದ ದೊಡ್ಡ ಕೆಲಸ. ಬೇತಾಳನಲ್ಲಿ ಅವಸರದ ತಪ್ಪು ಮಾಡುವ ಹೆಂಡತಿ, ಇಲ್ಲಿ ಪದ್ಮಿನಿಯಾಗಿ ತನಗೆ ಯಾರ ತಲೆ, ಯಾರ ಮೈ ಬೇಕೆಂದು ಬಲ್ಲವಳು. ಆದರೆ ತೀರ್ಪು ಇಲ್ಲಿಯೂ ಋಷಿಯದು, ಕೊನೆಗೆ ಚಿತೆ ಏರುವವಳು ಅವಳು. ಬಯಕೆಗೆ ಬಾಯಿ ಬಂತು, ಜಾಗ ಬರಲಿಲ್ಲ.

ಆ ಬಾಯಿ ಈ ಸೀಮೆಯ ಬಯಲಾಟಕ್ಕೆ ಹೊಸದಲ್ಲ. ಕುಲಗೋಡ ತಮ್ಮಣ್ಣನ ಪಾರಿಜಾತದಲ್ಲಿ ದೇವಲೋಕದ ಹೂವೊಂದು ದ್ವಾರಕೆಗೆ ಬಂದು ರುಕ್ಮಿಣಿಯ ಮುಡಿ ಸೇರಿತೆಂಬುದೇ ಜಗಳದ ಮೂಲ. ಅದ್ಭುತ ಅಷ್ಟೇ, ಉಳಿದದ್ದೆಲ್ಲ ಸವತಿಯರ ಮನೆಯ ಮಾತು. ಸತ್ಯಭಾಮೆಯ ಸಿಟ್ಟು ಪುರಾಣದಲ್ಲಿ ಗರ್ವಭಂಗದ ಪಾಠ. ಅಟ್ಟದ ಮೇಲೆ ಅದು ರಾತ್ರಿಯಿಡೀ ಹಾಡಾಗುತ್ತದೆ, ಕೂತವರಲ್ಲಿ ಅರ್ಧ ಜನ ಅವಳ ಕಡೆ. ಲೋಕವನ್ನೇ ಹೊತ್ತ ದೇವರು ಅವಳನ್ನು ಒಲಿಸಲು ಕೊರವಂಜಿಯ ವೇಷ ಹಾಕಿ ಕಣಿ ಹೇಳಲು ಬರಬೇಕಾಗುತ್ತದೆ. ಮನೆಮನೆ ತಿರುಗುವ ಹೆಂಗಸಾದರೆ ಮಾತ್ರ ಒಳಗೆ ಪ್ರವೇಶ! ಹಾಲು ಮೊಸರು ಮಾರಲು ಹೊರಟ ಗೊಲ್ಲತಿ ಕೃಷ್ಣನ ಜೊತೆ ವಾದಕ್ಕೆ ನಿಲ್ಲುವ ಭಾಗಕ್ಕೆ ಇಂದಿಗೂ ಜನ ನಿದ್ದೆಗೆಟ್ಟು ಕೂಡುತ್ತಾರೆ. ಬಯಲಾಟದಲ್ಲಿ ಹೆಣ್ಣು ಪಾತ್ರ ಗಂಡಸರೇ ಕಟ್ಟುವುದು ಸಾಮಾನ್ಯವಾಗಿದ್ದರೂ ಪಾರಿಜಾತಕ್ಕೆ ಹೆಣ್ಣುಮಕ್ಕಳು ಬಂದರು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮನ ಹೆಸರಿನಿಂದಲೇ ಆಟಕ್ಕೆ ಜನ ಸೇರುವ ಕಾಲವೊಂದಿತ್ತು. ಹೇಳುವವರು ಬದಲಾದರೆ ಪಾತ್ರ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಕನ್ನಡದ ಒಂದು ಸಣ್ಣ ಕಥೆ ಈ ಹೇಳುವಿಕೆಯ ಬಗ್ಗೆಯೇ ಇದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಅವಳು ಮಲಗಿದಾಗ ಬಾಯಿಂದ ಹೊರಬಿದ್ದು, ಒಂದು ಕೋಟಾಗಿ, ಇನ್ನೊಂದು ಜೋಡು ಮೆಟ್ಟಾಗಿ ಬಾಗಿಲಲ್ಲಿ ಕೂತವು. ಗಂಡ ಬಂದು ಯಾರದಿದು ಎಂದ, ಜಗಳವಾಯಿತು, ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳೆಲ್ಲ ಆರಿಸಿದ ಮೇಲೆ ಆ ಗುಡಿಗೆ ಬಂದು ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ; ನಿಜ ಅವನಿಗೆ ಗೊತ್ತಾದದ್ದು ಅಲ್ಲಿ. ಹೇಳದ ಹೆಣ್ಣಿನ ಕಥೆ ಗಂಡಸಿನ ಉಡುಪು ತೊಟ್ಟು ಅವಳ ಮೇಲೆಯೇ ಅಪವಾದ ತರುತ್ತದೆ ಎಂಬ ಈ ಹೊಳಹು ಬೆರಗು ಹುಟ್ಟಿಸುವಂಥದು.

ಕಾರ್ನಾಡರ ‘ನಾಗಮಂಡಲ’ (1988) ಶುರುವಾಗುವುದು ಇದೇ ದೀಪಗಳ ಮಾತಿನಿಂದ, ಒಳಗೆ ಇರುವುದು ಹಾವು ಗಂಡನಾಗುವ ಕಥೆ. ಎರಡೂ ಅವರಿಗೆ ಸಿಕ್ಕಿದ್ದು ರಾಮಾನುಜನ್‌ರಿಂದ. ಗಂಡ ಅಪ್ಪಣ್ಣ ರಾಣಿಯನ್ನು ಮನೆಯಲ್ಲಿ ಕೂಡಿ ಬೀಗ ಹಾಕಿ 'ಇನ್ನೊಬ್ಬಳ' ಮನೆಗೆ ಹೋಗುತ್ತಾನೆ. ಕುರುಡವ್ವ ಕೊಟ್ಟ ಬೇರನ್ನು ಅರೆದು ಹಾಕಿದ ಸಾರು ನೆತ್ತರಿನಂತೆ ಕೆಂಪಾಗುತ್ತದೆ. ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ, ನಾಗ ಕುಡಿಯುತ್ತಾನೆ, ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರುತ್ತಾನೆ. ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿಯೂ (1972) ಹೀಗೆಯೇ ಒಂದು ಊಟ ದಾರಿ ತಪ್ಪುತ್ತದೆ: ಮಕ್ಕಳಿಲ್ಲದ ಗೌಡ್ತಿ ಗಂಡನಿಗೆಂದು ಮಾಡಿದ ಜೋಕುಮಾರನ ಪಡವಲಕಾಯಿ ಪಲ್ಯ ಬಸಣ್ಣನ ಹೊಟ್ಟೆ ಸೇರುತ್ತದೆ. ಎರಡು ನಾಟಕಗಳಲ್ಲೂ ಹೆಣ್ಣು ಕೇಳಿಕೊಂಡದ್ದು ಗಂಡನ ಒಲವನ್ನು, ಮಗುವನ್ನು. ಕೈ ತಪ್ಪಿದ್ದರಿಂದಲೇ ಅದು ಸಿಗುತ್ತದೆ. ಮದ್ದು ಸರಿಯಾದ ಬಾಯಿಗೆ ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲವೇನೋ ಎಂಬ ಕುಚೋದ್ಯ ಎರಡರಲ್ಲೂ ಇದೆ. ತಪ್ಪು ಅಡುಗೆಯದು, ಅವಳದಲ್ಲ. ‘ಅಂತ’ ಎಂಬ ಸೆರಗಿನ ಮರೆಯಂತೆಯೇ ಇದೂ ಒಂದು ಮರೆ.

ರಾಣಿಯ ದಿವ್ಯ ಪರೀಕ್ಷೆ ಹೆಚ್ಚು ತೊಡಕಿನದು. ಹುತ್ತಕ್ಕೆ ಕೈಯಿಟ್ಟು, ಹಾವು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಯಾರನ್ನೂ ಮುಟ್ಟಿಲ್ಲವೆಂದು ಅವಳು ಆಣೆ ಮಾಡುತ್ತಾಳೆ. ಅದು ಅಕ್ಷರಶಃ ನಿಜ. ಹಾವು ಹೆಗಲೇರಿ ಹೆಡೆಯೆತ್ತುತ್ತದೆ, ಊರು ಕಾಲಿಗೆ ಬೀಳುತ್ತದೆ. ಶಂಕೆಗೆ ಒಳಗಾದ ಹೆಣ್ಣು ದೇವಿಯಾಗಿ ಪಾರಾಗುತ್ತಾಳೆ, ಹೆಣ್ಣಾಗಿಯೇ ಪಾರಾಗುವ ದಾರಿ ಊರಲ್ಲಿ ಇರಲಿಲ್ಲ. ನಾಗ ಸಾಯಬೇಕೋ ಬದುಕಬೇಕೋ ಎಂದು ನಾಟಕ ತಾನೇ ತಕರಾರು ತೆಗೆದು, ರಾಣಿಯ ಮುಡಿಯೊಳಗೆ ಅವನಿಗೆ ಜಾಗ ಮಾಡಿಕೊಡುವ ಕೊನೆಯನ್ನೂ ಇಟ್ಟಿದೆ. ಗಂಡನಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹೆಣ್ಣು ಸುಮ್ಮನೆ ತಲೆಯಲ್ಲಿ ಇಟ್ಟುಕೊಂಡಿರುತ್ತಾಳೆ ಎಂಬುದು ಅಡುಗೆಮನೆಯ ಕಥೆಗೆ ಒಪ್ಪುವ ಮುಕ್ತಾಯ. 1997ರಲ್ಲಿ ನಾಗಾಭರಣ ಇದನ್ನು ಸಿನಿಮಾ ಮಾಡಿದರು.

ಇದೇ ನಾಗನ ಕಥೆಯನ್ನು ಕಂಬಾರರು ‘ಸಿರಿಸಂಪಿಗೆ’ಯಲ್ಲಿ ಬೇರೊಂದು ತುದಿಯಿಂದ ಹಿಡಿದರು. 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ನಾಟಕಕ್ಕೆ. ಅಲ್ಲಿಯೂ ಎರಡು ಕೊಡಗಳಿವೆ. ತನ್ನೊಳಗೇ ಒಬ್ಬ ಚೆಲುವೆ ಇದ್ದಾಳೆಂದು ನಂಬಿದ ಅರಸುಮಗ ಮದುವೆ ಒಲ್ಲೆನೆಂದು, ತನ್ನನ್ನು ಎರಡಾಗಿ ಸೀಳಿ ಕೊಡಗಳಲ್ಲಿ ಇಡಿಸಿಕೊಳ್ಳುತ್ತಾನೆ. ಒಂದರಿಂದ ಅವನೇ ಬರುತ್ತಾನೆ, ಇನ್ನೊಂದರಿಂದ ಬರುವುದು ಚೆಲುವೆಯಲ್ಲ, ಹಾವು. ಮುಂದೆ ಸಿರಿಸಂಪಿಗೆಯ ಪಾಲಿಗೆ ಗಂಡನೆಂಬುವನು ಈ ಎರಡು ಚೂರುಗಳು. ಚಾಮರಸ ಹೆಣ್ಣನ್ನು ಸೀಳಿದ್ದ, ಇಲ್ಲಿ ಸೀಳಿಕೊಂಡವನು ಗಂಡು. ಕನಸಿನ ಹೆಣ್ಣನ್ನು ಹುಡುಕಿ ಹೊರಡುವ ನಾಯಕರ ಉದ್ದ ಸಾಲಿಗೆ ಇದಕ್ಕಿಂತ ಖಾರವಾದ ಉತ್ತರ ಕನ್ನಡದಲ್ಲಿ ಬಂದಿಲ್ಲ.

ಕಂಬಾರರ ಅದ್ಭುತಲೋಕಕ್ಕೆ ನಡುಗಂಬ ತಾಯಿ. ‘ಕರಿಮಾಯಿ’ ಕಾದಂಬರಿಯಲ್ಲಿ ಅವಳು ಕಂಬಾರರ ಕಲ್ಪನೆಯ ಊರಾದ ಶಿವಾಪುರದ ದೇವತೆ. ‘ಮಹಾಮಾಯಿ’ ನಾಟಕದಲ್ಲಿ ಅವಳು ಸಾವು, ಹೆಸರು ಶೆಟಿವಿ. ಶೆಟಿವಿಯೆಂದರೆ ಕೂಸು ಹುಟ್ಟಿದ ಮನೆಗೆ ರಾತ್ರಿ ಬಂದು ಹಣೆಬರಹ ಬರೆದು ಹೋಗುವವಳು ಎಂಬ ನಂಬಿಕೆ ಈ ಕಡೆಯ ಬಾಣಂತಿಯರ ಕೋಣೆಯಲ್ಲಿ ಇನ್ನೂ ಬದುಕಿದೆ. ಗಡಿಯಾಚೆಯ ಮರಾಠಿಯಲ್ಲಿ ಅವಳೇ ಸಟವಾಯಿ. ನಾಟಕದಲ್ಲಿ ಶೆಟಿವಿ ಒಬ್ಬ ಮಾನವನ ಮಗನನ್ನು ಸಾಕಿ ವೈದ್ಯನನ್ನಾಗಿ ಮಾಡುತ್ತಾಳೆ. ರೋಗಿಯ ಯಾವ ಬದಿಗೆ ತಾಯಿ ನಿಂತಿದ್ದಾಳೆಂದು ನೋಡಿ ಅವನು ಬದುಕು ಸಾವು ಹೇಳಬಲ್ಲ. ಪ್ರೀತಿಸಿದ ಹುಡುಗಿಯನ್ನು ಉಳಿಸಲು ಅವನು ತಾಯಿಗೇ ಎದುರು ಬೀಳುತ್ತಾನೆ. ಜರ್ಮನಿಯ ಗ್ರಿಮ್ ಸಹೋದರರ ಸಂಗ್ರಹದಲ್ಲಿಯೂ ಈ ಕಥೆ ಇದೆ, ಅಲ್ಲಿ ಸಾವು ಗಂಡಸು. ಬಡವನ ಮಗನಿಗೆ ಧರ್ಮಪಿತ, ವಿದ್ಯೆ ಕೊಟ್ಟವನು. ಅಲ್ಲಿ ಮಾತು ಮುರಿದದ್ದಕ್ಕೆ ಶಿಕ್ಷೆ, ಲೆಕ್ಕ ಚುಕ್ತಾ. ಸಾವು ತಾಯಿಯಾದ ಕೂಡಲೆ ಲೆಕ್ಕ ಕದಡಿಹೋಗುತ್ತದೆ. ಮಗನನ್ನು ಕೊಲ್ಲಬೇಕಾದವಳೂ ಹಾಲೂಡಿಸಿದವಳೂ ಒಬ್ಬಳೇ ಆದರೆ ಮಾತು ಉಳಿಸಿಕೊಳ್ಳುವುದು ಅವಳಿಗೂ ಸಂಕಟ. ಒಂದು ಪಾತ್ರದ ಲಿಂಗ ಬದಲಾಗಿದ್ದರಿಂದ ಇಡೀ ಕಥೆಯ ನೀತಿ ಬದಲಾದದ್ದು ಹೀಗೆ.

‘ಶಿಖರಸೂರ್ಯ’ (2006) ಕಾದಂಬರಿಯಲ್ಲಿ ಮಾಯದ ಕೀಲಿಯ ಪ್ರಶ್ನೆ ನೇರವಾಗಿ ಬರುತ್ತದೆ. ಶಿವಾಪುರದ ಗಿಡಮೂಲಿಕೆಯ ವಿದ್ಯೆ ಅಮ್ಮನ ಪರಂಪರೆಯದು, ಕಾಯಿಲೆ ವಾಸಿ ಮಾಡಲು ಇರುವುದು, ಮಾರಲು ಅಲ್ಲ. ಚಿನ್ನಮುತ್ತ ಎಂಬವನ ಕೈಗೆ ಸಿಕ್ಕ ಮೇಲೆ ಅದು ಬಂಗಾರಕ್ಕೂ ಸಿಂಹಾಸನಕ್ಕೂ ಏಣಿಯಾಗುತ್ತದೆ. ಇಲ್ಲೊಂದು ಮಾತು ಹೇಳಲೇಬೇಕು: ಕಂಬಾರರ ಅಮ್ಮಂದಿರು ಎತ್ತರದಲ್ಲಿದ್ದಾರೆ, ಅಲ್ಲಿಂದ ಇಳಿಯುವುದು ಕಡಿಮೆ. ವಿದ್ಯೆಯ ಒಡತಿ ತಾಯಿಯಾದರೂ ದೂರದ ದಾರಿ ತುಳಿಯುವವನು, ಕೆಡುವವನು, ಬದಲಾಗುವವನು ಮಗನೇ. ಹೂವಿನ ಗಿಡದ ಸಣ್ಣ ಹುಡುಗಿ ಮೋರಿಯಲ್ಲಿ ತೆವಳಿದಂತೆ ಇಲ್ಲಿಯ ತಾಯಿ ತೆವಳುವುದಿಲ್ಲ.

ಹೊರದೇಶದ ಅದ್ಭುತ ಕಾದಂಬರಿಗಳೂ ಈ ಗಂಟನ್ನು ಬಿಡಿಸಲು ಒದ್ದಾಡಿವೆ. ಟೋಲ್ಕಿನ್‌ನ ‘ಹಾಬಿಟ್’ (1937) ಪುಸ್ತಕದಲ್ಲಿ ಡ್ರಾಗನ್ ಮಾತಾಡುತ್ತದೆ, ಜೇಡಗಳು ಮಾತಾಡುತ್ತವೆ; ಮಾತಾಡುವ ಹೆಂಗಸು ಒಬ್ಬಳೂ ಇಲ್ಲ. ಅಮೆರಿಕದ ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಮಾಂತ್ರಿಕರ ಕಾದಂಬರಿಯಲ್ಲಿ ಮಾಯಾವಿದ್ಯೆಯ ಗುರುಕುಲಕ್ಕೆ ಗಂಡುಹುಡುಗರಿಗಷ್ಟೇ ಪ್ರವೇಶ. 22 ವರ್ಷದ ನಂತರ ಅವರೇ ಅದೇ ಲೋಕಕ್ಕೆ ಮರಳಿ ‘ತೆಹಾನು’ ಬರೆದರು. ನಾಯಕಿ ನಡುವಯಸ್ಸಿನ ರೈತ ವಿಧವೆ, ಅವಳ ಆಸರೆಯಲ್ಲಿ ಮೈ ಸುಟ್ಟ ಒಬ್ಬ ಹುಡುಗಿ. ಮೊದಲ ಕಾದಂಬರಿಯ ಮಾಂತ್ರಿಕ ನಾಯಕ ತನ್ನ ವಿದ್ಯೆ ಕಳೆದುಕೊಂಡು ಬಂದು ಅವರ ಮನೆಯಲ್ಲಿ ಪಾತ್ರೆ ತೊಳೆಯುವುದನ್ನು ಕಲಿಯುತ್ತಾನೆ. ಕಾದಂಬರಿಗೆ ಇಷ್ಟು ವರ್ಷ ಬೇಕಾದ ತಿರುವನ್ನು ಅಡುಗೆಮನೆಯ ಕಥೆ ಮೊದಲೇ ಇಟ್ಟುಕೊಂಡಿತ್ತು. ಎಲೆ ಕೂಡಿಸುವ ರಾಜಕುಮಾರ ಅವನ ಹಿರಿಯ.

ಟಿವಿ ಧಾರಾವಾಹಿಗಳ ನಾಗಿಣಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ರೂಪ ಬದಲಿಸುವ ವಿದ್ಯೆ ಪೂರ್ತಿ ಅವಳದೇ, ಕೊಡ ಹಿಡಿಯುವ ಕೈಯೂ ಬೇಕಿಲ್ಲ. ಆದರೆ ಆ ವಿದ್ಯೆಗೆ ಸೇಡಿನ ಹೊರತು ಬೇರೆ ಕೆಲಸ ಕೊಟ್ಟಿಲ್ಲ. ಸೇಡೂ ಸಾಮಾನ್ಯವಾಗಿ ಸತ್ತ ಗಂಡು ನಾಗನಿಗಾಗಿ.

ಹೂವಿನ ಗಿಡದ ಹುಡುಗಿ ಇತ್ತ ದೂರ ಪ್ರಯಾಣ ಮಾಡಿದ್ದಾಳೆ. 1992ರಲ್ಲಿ ಕಾರ್ನಾಡರು ಅವಳನ್ನು ಹಿಂದಿ ಚಿತ್ರವಾಗಿಸಿ ಚೆಲುವಿ ಎಂದು ಹೆಸರಿಟ್ಟರು. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ವಿಯೆನ್ನಾದಲ್ಲಿ ಅವಳನ್ನು ಒಪೆರಾ ಮಾಡಿದಾಗ ಅವಳು ಕುಮುದಾ ಆದಳು. ಕಥೆಯಲ್ಲಿ ಅವಳಿಗೆ ಹೆಸರಿಲ್ಲ. ತಾಯಿ ಮುದುಕಿ, ಅಕ್ಕ ದೊಡ್ಡಾಕಿ, ಅವಳು ಸಣ್ಣಾಕಿ.